ಹೆಬ್ಬಾಳ, ಹೂಟಗಳ್ಳಿಯಲ್ಲಿ ಕೆಲಸ: ಮೈಸೂರಿನ ಯಾವ ಬಡಾವಣೆಯಲ್ಲಿ ಮನೆ?

ಮೈಸೂರಿನಲ್ಲಿ ಐಟಿ ಕೆಲಸವೆಂದರೆ ಬಹುಮಟ್ಟಿಗೆ ಊರಿನ ವಾಯವ್ಯ ದಿಕ್ಕಿನ ಕೆಲಸ. ಹೆಬ್ಬಾಳ ಕೈಗಾರಿಕಾ ಪ್ರದೇಶ, ಅದಕ್ಕೆ ಹೊಂದಿಕೊಂಡ ಎಲೆಕ್ಟ್ರಾನಿಕ್ ಸಿಟಿ, ಹೂಟಗಳ್ಳಿ, ಕೂರ್ಗಳ್ಳಿ, ಬೆಳಗೊಳ ಕೈಗಾರಿಕಾ ಪ್ರದೇಶ ಇವೆಲ್ಲ ಹುಣಸೂರು ರಸ್ತೆಗೂ ಕೆ.ಆರ್.ಎಸ್. ರಸ್ತೆಗೂ ನಡುವೆ, ಹೊರವರ್ತುಲ ರಸ್ತೆಯ ಆಚೀಚೆ ಹರಡಿಕೊಂಡಿವೆ. ಮುನ್ನೂರು ಎಕರೆಗೂ ಮಿಗಿಲಾದ ಇನ್ಫೋಸಿಸ್ ಆವರಣ, ವಿಪ್ರೋ, ಎಲ್ ಅಂಡ್ ಟಿ, ಎಕ್ಸೆಲ್‌ಸಾಫ್ಟ್, ಕೇನ್ಸ್ ಮುಂತಾದ ಸಂಸ್ಥೆಗಳು ಇದೇ ಸೀಮೆಯಲ್ಲಿ ಇರುವುದರಿಂದ, ಬೆಂಗಳೂರಿನಲ್ಲಿ ಮನೆ ಹುಡುಕುವವರಿಗೆ ಎದುರಾಗುವ ದಿಕ್ಕುದಿಕ್ಕಿನ ಗೊಂದಲ ಇಲ್ಲಿಲ್ಲ. ಆದರೆ ಈ ಅನುಕೂಲವೇ ಅನೇಕರನ್ನು ಒಂದು ಅವಸರದ ತೀರ್ಮಾನಕ್ಕೆ ಎಳೆಯುತ್ತದೆ. ಕಂಪನಿಯ ಗೇಟನ್ನು ಕೇಂದ್ರವಾಗಿಟ್ಟುಕೊಂಡು ಎರಡು ಮೂರು ಕಿಲೋಮೀಟರಿನೊಳಗೆ ಸಿಕ್ಕ ಸೈಟನ್ನೋ ಫ್ಲಾಟನ್ನೋ ಕೊಂಡು, ಗೃಹಪ್ರವೇಶವಾದ ಮೇಲೆ ನೀರಿಗೂ ಖಾತೆಗೂ ಓಡಾಡುವ ಕುಟುಂಬಗಳನ್ನು ಹೂಟಗಳ್ಳಿಯ ಸುತ್ತಮುತ್ತ ಬೇಕಾದಷ್ಟು ಕಾಣಬಹುದು.

ಗೇಟಿನ ದೂರವನ್ನು ಕೊನೆಗೆ ಲೆಕ್ಕ ಹಾಕಬೇಕು ಎಂಬುದೇ ಈ ಬರಹದ ವಾದ. ಮೊದಲು ನೋಡಬೇಕಾದದ್ದು ಕಾಗದಪತ್ರ, ನೀರು ಮತ್ತು ಒಳಚರಂಡಿ. ಅನಂತರ ಮನೆಯ ಇತರರ ದಿನಚರಿ, ಅಂದರೆ ಮಕ್ಕಳ ಶಾಲೆ, ಹೆಂಡತಿಯ ಅಥವಾ ಗಂಡನ ಕೆಲಸದ ಜಾಗ, ವಯಸ್ಸಾದ ತಂದೆತಾಯಿಯ ಆಸ್ಪತ್ರೆ. ಇವೆರಡೂ ಇತ್ಯರ್ಥವಾದ ಮೇಲೆ ಕಚೇರಿಯ ದೂರ. ಇದಕ್ಕೆ ಕಾರಣ ಸರಳವಾಗಿದೆ. ಹೆಬ್ಬಾಳ ಎರಡನೇ ಹಂತದಲ್ಲಿ ಇರುವವರಿಗೂ ಕುವೆಂಪುನಗರದಲ್ಲಿ ಇರುವವರಿಗೂ ಕಚೇರಿ ತಲುಪುವುದರಲ್ಲಿ ಬೀಳುವ ವ್ಯತ್ಯಾಸ ಸಾಮಾನ್ಯ ದಿನಗಳಲ್ಲಿ ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೈದು ನಿಮಿಷ. ಮೈಸೂರು ಇನ್ನೂ ಅಷ್ಟು ಒಳ್ಳೆಯ ಊರಾಗಿ ಉಳಿದಿದೆ. ಗೃಹಸಾಲ ಇಪ್ಪತ್ತು ವರ್ಷದ್ದು, ಕೆಲಸ ಮಾತ್ರ ಅಷ್ಟು ಕಾಲ ಅದೇ ಗೇಟಿನೊಳಗೆ ಇರುತ್ತದೆ ಎಂದು ಹೇಳಲಾಗದು. ತಂಡ ಬೆಂಗಳೂರಿಗೋ ಪುಣೆಗೋ ಹೋಗಬಹುದು, ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುವಂತಾಗಬಹುದು. ಕಚೇರಿ ಬದಲಾದರೂ ಮನೆಯ ಖಾತೆ, ಮನೆಯ ನಲ್ಲಿ ಬದಲಾಗುವುದಿಲ್ಲ.

ದಾರಿಯ ಬಗ್ಗೆ ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ಊರಿನ ಕಡೆಯಿಂದ ಈ ಪ್ರದೇಶಕ್ಕೆ ಬರಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಹುಣಸೂರು ರಸ್ತೆಯಲ್ಲಿ ಹಿನಕಲ್ ಮೂಲಕ, ಇನ್ನೊಂದು, ಕೆ.ಆರ್.ಎಸ್. ರಸ್ತೆಯಲ್ಲಿ ಮೇಟಗಳ್ಳಿ ದಾಟಿ ರಾಯಲ್ ಇನ್ ಜಂಕ್ಷನ್ ಮೂಲಕ. ಹಿನಕಲ್ ಮೇಲ್ಸೇತುವೆ ಆದ ಮೇಲೆ ಹುಣಸೂರು ರಸ್ತೆಯ ನೇರ ಸಂಚಾರ ಸಲೀಸಾಗಿದೆ, ಆದರೆ ಸೇತುವೆಯ ಕೆಳಗೆ ವರ್ತುಲ ರಸ್ತೆಗೆ ತಿರುಗುವವರ ಸಾಲು ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಕರಗುವುದಿಲ್ಲ. ಆದುದರಿಂದ ಮನೆ ನೋಡಲು ಭಾನುವಾರ ಮಧ್ಯಾಹ್ನ ಹೋಗುವುದರ ಜೊತೆಗೆ ಒಂದು ಸೋಮವಾರ ಬೆಳಿಗ್ಗೆ ಆ ಮನೆಯ ಬಾಗಿಲಿನಿಂದ ಕಚೇರಿಯ ಗೇಟಿನವರೆಗೆ ನಿಮ್ಮದೇ ಸ್ಕೂಟರಿನಲ್ಲಿ ಹೋಗಿ ನೋಡುವುದು ಒಳ್ಳೆಯದು. ಪಾಳಿಯಲ್ಲಿ ಕೆಲಸ ಮಾಡುವವರು, ವಿಶೇಷವಾಗಿ ಹೆಣ್ಣುಮಕ್ಕಳು, ರಾತ್ರಿ ಹತ್ತರ ನಂತರ ಅದೇ ದಾರಿಯಲ್ಲಿ ಬೀದಿದೀಪ ಉರಿಯುತ್ತದೆಯೇ, ಅಂಗಡಿ ಮುಂಗಟ್ಟುಗಳಿವೆಯೇ ಎಂದು ನೋಡಿಕೊಳ್ಳಬೇಕು. ಕೈಗಾರಿಕಾ ಪ್ರದೇಶದ ಒಳರಸ್ತೆಗಳು ಸಂಜೆ ಏಳಕ್ಕೆ ಕಾಣುವ ರೀತಿಯೇ ಬೇರೆ, ರಾತ್ರಿ ಹನ್ನೊಂದಕ್ಕೆ ಕಾಣುವ ರೀತಿಯೇ ಬೇರೆ.

ವಿಜಯನಗರ: ಹಂತಕ್ಕೊಂದು ಗುಣ

ಈ ಭಾಗದಲ್ಲಿ ಮನೆ ಹುಡುಕುವವರು ಮೊದಲು ಕೇಳುವ ಹೆಸರು ವಿಜಯನಗರ, ಮತ್ತು ಅದು ನ್ಯಾಯವಾಗಿಯೇ ಮೊದಲ ಹೆಸರು. ಆದರೆ ವಿಜಯನಗರ ಎಂಬುದು ಒಂದೇ ಬಡಾವಣೆಯಲ್ಲ. ಯೋಗಾನರಸಿಂಹಸ್ವಾಮಿ ದೇವಸ್ಥಾನವಿರುವ ಮೊದಲ ಹಂತ ಮತ್ತು ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್‌ನ ಕೇಂದ್ರ ಕಚೇರಿಯಿರುವ ಹಿನಕಲ್ ಬದಿಯ ಎರಡನೇ ಹಂತ ಈಗ ಬೇರೂರಿದ ಬಡಾವಣೆಗಳು. ಇಲ್ಲಿ ಮರಗಳು ಬೆಳೆದು ನಿಂತಿವೆ, ತರಕಾರಿ, ಔಷಧಿ, ಬ್ಯಾಂಕು ಎಲ್ಲವೂ ನಡೆದು ಹೋಗುವ ದೂರದಲ್ಲಿವೆ, ಊರಿನೊಳಗಿನ ಬಸ್ಸುಗಳು ಹೊತ್ತುಹೊತ್ತಿಗೆ ಸಿಗುತ್ತವೆ. ಇಲ್ಲಿ ಖಾಲಿ ಸೈಟು ಸಿಗುವುದು ಅಪರೂಪ. ಸಿಗುವುದೆಂದರೆ ಮೂರು ದಶಕದ ಹಿಂದೆ ಮೂವತ್ತು ನಲವತ್ತು ಅಥವಾ ನಲವತ್ತು ಅರವತ್ತು ನಿವೇಶನದಲ್ಲಿ ಕಟ್ಟಿದ ಹಳೆಯ ಮನೆ. ಅಂಥ ಮನೆಯಲ್ಲಿ ನೀವು ಕೊಡುವ ಹಣದ ಬಹುಭಾಗ ನೆಲಕ್ಕೆ ಹೋಗುತ್ತದೆ, ಕಟ್ಟಡಕ್ಕಲ್ಲ. ಬ್ಯಾಂಕಿನ ಮೌಲ್ಯಮಾಪಕರು ಹಳೆಯ ಕಟ್ಟಡಕ್ಕೆ ಕಡಿಮೆ ಬೆಲೆ ಕಟ್ಟುತ್ತಾರೆ, ಆದ್ದರಿಂದ ಕೈಯಿಂದ ಹಾಕಬೇಕಾದ ಹಣ ನಿರೀಕ್ಷೆಗಿಂತ ಹೆಚ್ಚಾಗುವ ಸಂಭವವಿದೆ. ತಾರಸಿಯ ಕೆಳಮುಖದಲ್ಲಿ ಗಾರೆ ಉದುರಿ ಕಂಬಿ ಕಾಣುತ್ತಿದೆಯೇ, ಸಂಪಿನ ಗೋಡೆ ಬಿರುಕು ಬಿಟ್ಟಿದೆಯೇ, ಒಂದು ಅಂತಸ್ತು ಮೇಲೇರಿಸಲು ಪಾಯ ತಾಳುತ್ತದೆಯೇ ಎಂಬುದನ್ನು ಬ್ರೋಕರನ್ನಲ್ಲ, ಒಬ್ಬ ಸಿವಿಲ್ ಇಂಜಿನಿಯರನ್ನು ಕೇಳಬೇಕು.

ಮೂರು ಮತ್ತು ನಾಲ್ಕನೇ ಹಂತಗಳ ಮಾತು ಬೇರೆ. ಅಗಲವಾದ ರಸ್ತೆ, ಹೊಸ ಮನೆಗಳು, ಅಲ್ಲಲ್ಲಿ ಇನ್ನೂ ಖಾಲಿ ಸೈಟುಗಳು ಇಲ್ಲಿನ ಆಕರ್ಷಣೆ. ಆದರೆ ನಾಲ್ಕನೇ ಹಂತದ ಎರಡನೇ ಘಟ್ಟದಂಥ ಅಂಚಿನ ಭಾಗಗಳಲ್ಲಿ ಬಸ್ಸು ಕಡಿಮೆ, ಮನೆಗಳ ನಡುವೆ ಖಾಲಿ ಜಾಗ ಹೆಚ್ಚು. ವಿಜಯನಗರದಲ್ಲಿ ಸೈಟು ಕೊಳ್ಳುವವರು ಗಮನಿಸಲೇಬೇಕಾದ ಇನ್ನೊಂದು ಸಂಗತಿಯಿದೆ. ಸ್ವಾಧೀನಪಡಿಸಿಕೊಂಡ ಜಮೀನಿಗೆ ಬದಲಾಗಿ 50:50 ಅನುಪಾತದಲ್ಲಿ ಹಂಚಿಕೆಯಾದ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ನಿವೇಶನಗಳು 2024ರಿಂದ ತನಿಖೆಗೆ ಒಳಪಟ್ಟಿವೆ. ಹಂಚಿಕೆ ಪತ್ರದಲ್ಲಿ ಆ ಸೈಟು ಯಾವ ಯೋಜನೆಯಡಿ, ಯಾರಿಗೆ, ಯಾವ ಕಾರಣಕ್ಕೆ ಕೊಡಲಾಗಿದೆ ಎಂದು ಬರೆದಿರುತ್ತದೆ. ಅದು ಬದಲಿ ನಿವೇಶನ ಅಥವಾ ಪರಿಹಾರದ ನಿವೇಶನವಾಗಿದ್ದರೆ, ಬೆಲೆ ಎಷ್ಟೇ ಹಿತವಾಗಿ ಕಂಡರೂ ವಕೀಲರು ಮೂಲ ಕಡತದ ಪ್ರತಿಯನ್ನು ನೋಡುವವರೆಗೆ ಮುಂಗಡ ಕೊಡಬಾರದು. ಲಾಟರಿಯಲ್ಲೋ ಜ್ಯೇಷ್ಠತೆಯ ಆಧಾರದಲ್ಲೋ ಹಂಚಿಕೆಯಾಗಿ, ಪ್ರಾಧಿಕಾರದಿಂದ ಕ್ರಯಪತ್ರವೂ ಆಗಿ, ಒಬ್ಬಿಬ್ಬರ ಕೈ ಮಾತ್ರ ಬದಲಾಗಿರುವ ಹಳೆಯ ಮುಡಾ ನಿವೇಶನವು ಮೈಸೂರಿನಲ್ಲಿ ಸಿಗಬಹುದಾದ ಅತ್ಯಂತ ನಿಶ್ಚಿಂತೆಯ ಆಸ್ತಿ ಎಂಬ ಮಾತು ಈಗಲೂ ನಿಜವೇ. ಆ ಪ್ರಾಧಿಕಾರ ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರವಾಗಿದ್ದರೂ ಜನರ ಬಾಯಲ್ಲೂ ಹಳೆಯ ಕಾಗದದಲ್ಲೂ ಮುಡಾ ಎಂದೇ ಇರುತ್ತದೆ.

ಹೆಬ್ಬಾಳ, ಲೋಕನಾಯಕನಗರ, ಮೇಟಗಳ್ಳಿ

ಕಚೇರಿಗೆ ನಡೆದೋ ಸೈಕಲ್ಲಿನಲ್ಲೋ ಹೋಗಬೇಕೆನ್ನುವವರಿಗೆ, ಅದೇ ಹೊತ್ತಿನಲ್ಲಿ ಕಾಗದವೂ ಗಟ್ಟಿಯಾಗಿರಬೇಕೆನ್ನುವವರಿಗೆ ಹೆಬ್ಬಾಳದ ಒಂದು ಮತ್ತು ಎರಡನೇ ಹಂತ, ಲೋಕನಾಯಕನಗರ, ಬಿ.ಎಂ.ಶ್ರೀ ನಗರ, ಮೇಟಗಳ್ಳಿಯ ಕಡೆಯ ಬಡಾವಣೆಗಳು ಸರಿಯಾದ ಜಾಗ. ಇವು ಕಾರ್ಖಾನೆಗಳಲ್ಲಿ ದುಡಿದ ಕುಟುಂಬಗಳು ಕಟ್ಟಿ ಬೆಳೆಸಿದ ಬಡಾವಣೆಗಳು. ಸೈಟುಗಳು ಚಿಕ್ಕವು, ಇಪ್ಪತ್ತು ಮೂವತ್ತರವೂ ಸಾಕಷ್ಟಿವೆ, ಮನೆಗಳು ಒತ್ತೊತ್ತಾಗಿವೆ, ಕಾರು ನಿಲ್ಲಿಸುವುದು ಅನೇಕ ಅಡ್ಡರಸ್ತೆಗಳಲ್ಲಿ ಕಷ್ಟ. ವಿಜಯನಗರದ ಮೊದಲ ಹಂತಗಳಿಗೆ ಹೋಲಿಸಿದರೆ ಬೆಲೆ ಕಡಿಮೆ. ಕಾವೇರಿ ನೀರಿನ ಸಂಪರ್ಕ ಹಳೆಯದು. ಹುಣಸೂರು ರಸ್ತೆಯನ್ನು ಮುಟ್ಟದೆಯೇ ಕಚೇರಿ ಸೇರಬಹುದು ಎಂಬುದು ದೊಡ್ಡ ಲಾಭ.

ಇಲ್ಲಿನ ಕೊರತೆಯನ್ನೂ ಹೇಳಬೇಕು. ಕೈಗಾರಿಕಾ ಪ್ರದೇಶಕ್ಕೆ ತಾಗಿದ ಬೀದಿಗಳಲ್ಲಿ ಲಾರಿಗಳ ಓಡಾಟ, ರಾತ್ರಿ ಯಂತ್ರಗಳ ಸದ್ದು, ಗಾಳಿ ಬೀಸಿದ ದಿಕ್ಕಿಗೆ ತಕ್ಕಂತೆ ಬರುವ ವಾಸನೆ ಇವುಗಳನ್ನು ಹಗಲಿನಲ್ಲಿ ಒಮ್ಮೆ ಬಂದು ಹೋದವರು ಗುರುತಿಸಲಾರರು. ಮನೆಯ ಕಿಟಕಿಯ ಜಾಲರಿಯ ಮೇಲೆ, ಗಿಡದ ಎಲೆಯ ಮೇಲೆ ಬೆರಳಾಡಿಸಿ ನೋಡಿದರೆ ಧೂಳು ಯಾವ ಬಗೆಯದೆಂದು ತಕ್ಷಣ ತಿಳಿಯುತ್ತದೆ. ಉಬ್ಬಸ ಇರುವ ಮಗುವೋ ಹಿರಿಯರೋ ಮನೆಯಲ್ಲಿದ್ದರೆ ಈ ಪರೀಕ್ಷೆಯನ್ನು ಬಿಡಲೇಬಾರದು. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಪುನಶ್ಚೇತನಗೊಂಡ ಹೆಬ್ಬಾಳ ಕೆರೆ ಬೆಳಗಿನ ನಡಿಗೆಗೆ ಒಂದು ಒಳ್ಳೆಯ ಜಾಗವಾಗಿದ್ದು, ಕೆರೆಯ ಬದಿಯ ಬೀದಿಗಳಿಗೆ ಬೇಡಿಕೆ ಹೆಚ್ಚಿದೆ.

ಗೋಕುಲಂ, ಜಯಲಕ್ಷ್ಮೀಪುರಂ, ಒಂಟಿಕೊಪ್ಪಲು, ಯಾದವಗಿರಿ

ಹಣದ ಅನುಕೂಲ ಇರುವವರಿಗೆ ಇವು ಬಹಳ ಒಳ್ಳೆಯ ನೆರೆಹೊರೆ. ರೈಲು ನಿಲ್ದಾಣ ಹತ್ತಿರ, ಕೆ.ಆರ್.ಎಸ್. ರಸ್ತೆಯಲ್ಲಿರುವ ಜಯದೇವ ಹೃದ್ರೋಗ ಆಸ್ಪತ್ರೆ ಹತ್ತಿರ, ಹಳೆಯ ಮೈಸೂರಿನ ನೆಮ್ಮದಿ ಇನ್ನೂ ಬೀದಿಗಳಲ್ಲಿ ಉಳಿದಿದೆ. ಗೋಕುಲಂಗೆ ಯೋಗ ಕಲಿಯಲು ವಿದೇಶಗಳಿಂದ ಜನ ಬರುವುದರಿಂದ ಮಹಡಿಯ ಮನೆಗೆ ಬಾಡಿಗೆದಾರರು ಸಿಗುವುದು ಕಷ್ಟವಲ್ಲ, ಹಾಗಾಗಿ ಸಾಲದ ಕಂತಿಗೆ ಒಂದಿಷ್ಟು ಆಸರೆಯಾಗುತ್ತದೆ. ಆದರೆ ಸ್ವತಂತ್ರ ಮನೆಯ ಬೆಲೆ ಒಬ್ಬರ ಸಂಬಳಕ್ಕೆ ನಿಲುಕುವಂಥದ್ದಲ್ಲ. ಬಹುಪಾಲು ಜನರಿಗೆ ಇಲ್ಲಿ ಸಾಧ್ಯವಾಗುವುದು ಫ್ಲಾಟು ಮಾತ್ರ. ತಂದೆತಾಯಿ ಜೊತೆಯಲ್ಲಿದ್ದು, ಹೃದಯದ ಅಥವಾ ಸಕ್ಕರೆ ಕಾಯಿಲೆಯ ತಪಾಸಣೆಗೆ ತಿಂಗಳು ತಿಂಗಳು ಹೋಗಬೇಕಾದ ಮನೆಗಳಿಗೆ ವಿಜಯನಗರದ ಸ್ವತಂತ್ರ ಮನೆಗಿಂತ ಇಲ್ಲಿನ ಲಿಫ್ಟ್ ಇರುವ ಫ್ಲಾಟೇ ಮೇಲು ಎಂದು ನನಗೆ ಅನ್ನಿಸುತ್ತದೆ.

ಹೂಟಗಳ್ಳಿ, ಹಿನಕಲ್, ಕೂರ್ಗಳ್ಳಿ, ಬೆಳವಾಡಿ: ಅತಿ ಹತ್ತಿರದ, ಅತಿ ಎಚ್ಚರದ ಪ್ರದೇಶ

ಗೇಟಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಈ ಭಾಗ. ಬೆಲೆಯೂ ಎಟುಕುವಂತಿದೆ, ಹೊಸ ಫ್ಲಾಟುಗಳೂ ಸಾಲುಮನೆಗಳೂ ಇಲ್ಲೇ ಹೆಚ್ಚು ಏಳುತ್ತಿವೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ನಿಲ್ಲಬೇಕಾಗಿದೆ.

ಈ ಊರುಗಳು ಕೆಲವು ವರ್ಷಗಳ ಹಿಂದಿನವರೆಗೆ ಗ್ರಾಮ ಪಂಚಾಯಿತಿಗಳಾಗಿದ್ದು, ಆಮೇಲೆ ಹೂಟಗಳ್ಳಿ ನಗರಸಭೆಯಾಗಿ ಒಂದುಗೂಡಿದವು. ಹೀಗಾಗಿ ಒಂದೇ ರಸ್ತೆಯಲ್ಲಿ ನಾಲ್ಕು ಬಗೆಯ ಆಸ್ತಿಗಳು ಅಕ್ಕಪಕ್ಕದಲ್ಲಿ ಇರುವುದುಂಟು: ಕರ್ನಾಟಕ ಗೃಹ ಮಂಡಳಿಯ ಮನೆ, ಪ್ರಾಧಿಕಾರ ಅನುಮೋದಿಸಿದ ಖಾಸಗಿ ಬಡಾವಣೆಯ ಸೈಟು, ಹಳೆಯ ಗ್ರಾಮಠಾಣಾ ಜಾಗ, ಮತ್ತು ಭೂಪರಿವರ್ತನೆಯಾಗದೆ ಅಥವಾ ಬಡಾವಣೆ ನಕ್ಷೆಗೆ ಅನುಮೋದನೆ ಇಲ್ಲದೆ ತುಂಡಾಗಿ ಮಾರಾಟವಾದ ರೆವೆನ್ಯೂ ಸೈಟು. ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ ರೀತಿ ಕಾಣುತ್ತವೆ, ನಾಲ್ಕಕ್ಕೂ ಕರೆಂಟು ಇರುತ್ತದೆ, ನಾಲ್ಕರಿಂದಲೂ ಕಂದಾಯ ಕಟ್ಟಿಸಿಕೊಂಡಿರುತ್ತಾರೆ. ಕಂದಾಯದ ರಸೀದಿ ತೋರಿಸಿ ಎಲ್ಲ ಸರಿಯಿದೆ ಎನ್ನುವ ಮಾರಾಟಗಾರರಿಗೆ ಕೊಡಬೇಕಾದ ಉತ್ತರ ಇಷ್ಟೇ: ಕಂದಾಯ ಕಟ್ಟಿದ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ. 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. 2025ರಲ್ಲಿ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅನಧಿಕೃತ ಆಸ್ತಿಗಳಿಗೆ ಬಿ-ಖಾತೆ ಕೊಡುವ ಅಭಿಯಾನವೂ ನಡೆಯಿತು. ಆದ್ದರಿಂದ ಇ-ಖಾತೆ ಇದೆ ಎಂಬ ಮಾತು ಈಗ ಸಾಲದು, ಅದು ಎ-ಖಾತೆಯೋ ಬಿ-ಖಾತೆಯೋ ಎಂದು ಕೇಳಬೇಕು. ಬಿ-ಖಾತೆಯ ಆಸ್ತಿಗೆ ಕಟ್ಟಡ ಪರವಾನಗಿ, ಬ್ಯಾಂಕ್ ಸಾಲ, ಮುಂದೆ ಮಾರುವಾಗಿನ ಬೆಲೆ ಮೂರರಲ್ಲೂ ತೊಡಕಿದೆ, ಮತ್ತು ಆ ತೊಡಕಿನ ಬೆಲೆಯನ್ನು ಇಂದು ಮಾರುವವರು ತೆರುವುದಿಲ್ಲ, ಕೊಳ್ಳುವವರು ತೆರುತ್ತಾರೆ.

ನೀರಿನ ವಿಷಯವೂ ಇಷ್ಟೇ ಗಂಭೀರ. ಮೈಸೂರು ನಗರಕ್ಕೆ ಹೊಂಗಳ್ಳಿ, ಬೆಳಗೊಳ, ಮೇಳಾಪುರ ಸ್ಥಾವರಗಳಿಂದ ಕಾವೇರಿಯ ನೀರೂ ಬಿದರಗೂಡಿನಿಂದ ಕಬಿನಿಯ ನೀರೂ ಬರುತ್ತದೆ, ವಾಣಿವಿಲಾಸ ನೀರು ಸರಬರಾಜು ವಿಭಾಗ ಅದನ್ನು ಹಂಚುತ್ತದೆ. ಕೃಷ್ಣರಾಜಸಾಗರ ಇಷ್ಟು ಸಮೀಪ ಇದ್ದರೂ ನಗರದ ಅಂಚಿನ ಬಡಾವಣೆಗಳಿಗೆ ಆ ನೀರು ಒಂದೇ ಸಮನಾಗಿ ತಲುಪಿಲ್ಲ. ಹೊರವಲಯಕ್ಕೂ ಸುತ್ತಲಿನ ಹಳ್ಳಿಗಳಿಗೂ ನೀರು ಕೊಡಬೇಕಾದ ಹಳೇ ಉಂಡುವಾಡಿ ಯೋಜನೆಯ ಹೆಸರು ಹೇಳಿ ಸೈಟು ಮಾರುವವರು ಬಹಳ ಮಂದಿ. ಯೋಜನೆಯ ಹೆಸರನ್ನಲ್ಲ, ನಲ್ಲಿಯನ್ನು ನೋಡಿ ಕೊಳ್ಳಬೇಕು. ಇದನ್ನು ಪರೀಕ್ಷಿಸುವ ದಾರಿ ಸುಲಭ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಬೆಳಿಗ್ಗೆ ಆರಕ್ಕೆ ಆ ಬೀದಿಗೆ ಹೋಗಿ, ಬಾಗಿಲಿಗೆ ನೀರು ಹಾಕುತ್ತಿರುವ ಹೆಣ್ಣುಮಗಳನ್ನು “ಅಕ್ಕಾ, ಇಲ್ಲಿ ಕಾವೇರಿ ನೀರು ಎಷ್ಟು ದಿನಕ್ಕೊಂದ್ಸಲ ಬರುತ್ತೆ, ಎಷ್ಟು ಹೊತ್ತು ಬಿಡ್ತಾರೆ?” ಎಂದು ಕೇಳಿದರೆ ಯಾವ ಕರಪತ್ರದಲ್ಲೂ ಇಲ್ಲದ ಉತ್ತರ ಸಿಗುತ್ತದೆ. ಅನಂತರ ಮನೆಯ ಸಂಪಿನ ಮುಚ್ಚಳ ತೆಗೆಸಿ ನೋಡಬೇಕು. ನಗರದ ಕೊಳವೆ ಬಂದು ಬೀಳುವ ಕಡೆ ಮೀಟರು ಇದೆಯೇ, ಅಥವಾ ಬರೀ ಬೋರ್‌ವೆಲ್ಲಿನ ಪೈಪು ಇಳಿದಿದೆಯೇ, ಸಂಪಿನ ಅಂಚಿನಲ್ಲಿ ಗಡಸು ನೀರಿನ ಬಿಳಿ ಪೊರೆ ಕಟ್ಟಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಬೀದಿಯ ತುದಿಯಲ್ಲಿ ಟ್ಯಾಂಕರು ತಿರುಗಿಸಿದ ಗಾಲಿಯ ಗುರುತು ಇದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಒಳಚರಂಡಿಯ ಪರೀಕ್ಷೆ ಮಳೆ ಬಂದ ಮಾರನೆಯ ದಿನ ಆಗಬೇಕು. ಬಡಾವಣೆಯ ಅತಿ ತಗ್ಗಿನ ಮೂಲೆಗೆ ನಡೆದು ಹೋಗಿ ಅಲ್ಲಿನ ಮ್ಯಾನ್‌ಹೋಲಿನಿಂದ ನೀರು ಹೊರಚೆಲ್ಲಿದೆಯೇ, ಕೊಳಚೆ ಪಕ್ಕದ ಹೊಲಕ್ಕೋ ಕೆರೆಯ ಕಾಲುವೆಗೋ ಹರಿಯುತ್ತಿದೆಯೇ ಎಂದು ನೋಡಿದರೆ, ಬಡಾವಣೆಯ ಕೊಳವೆ ನಗರದ ಮುಖ್ಯ ಕೊಳವೆಗೆ ಸೇರಿದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಮೈಸೂರಿನ ಹೊರವಲಯದ ಖಾಸಗಿ ಬಡಾವಣೆಗಳ ಅತಿ ದೊಡ್ಡ ಸಮಸ್ಯೆ ಇದೇ. ಒಳಗಿನ ಕೊಳವೆ ಹಾಕಿರುತ್ತಾರೆ, ಅದು ಹೋಗಿ ಸೇರಬೇಕಾದ ಜಾಗ ಇರುವುದಿಲ್ಲ. ಇದರಿಂದ ಹಾಳಾಗುವುದು ಒಬ್ಬರ ಮನೆ ಮಾತ್ರವಲ್ಲ, ತಲೆಮಾರುಗಳಿಂದ ಊರಿಗೆ ನೀರು ಕೊಟ್ಟ ಕೆರೆಗಳು ಕೂಡ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಈ ಪ್ರದೇಶವನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಹೂಟಗಳ್ಳಿಯ ಗೃಹ ಮಂಡಳಿ ಬಡಾವಣೆಯ ಮನೆಗಳು, ನಗರಸಭೆಗೆ ಹಸ್ತಾಂತರವಾದ ಅನುಮೋದಿತ ಬಡಾವಣೆಗಳು ಗಂಡಹೆಂಡತಿ ಇಬ್ಬರೂ ಇದೇ ಪ್ರದೇಶದಲ್ಲಿ ಕೆಲಸ ಮಾಡುವ ಮನೆಗೆ ಚೆನ್ನಾಗಿ ಒಗ್ಗುತ್ತವೆ. ಬಡಾವಣೆಯನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸಿದ ಆದೇಶದ ಪ್ರತಿಯನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಬೀದಿದೀಪ, ರಸ್ತೆ, ಕಸ ಇವುಗಳಿಗೆ ಯಾರು ಹೊಣೆ ಎಂಬುದು ಆ ಒಂದು ಹಾಳೆಯಲ್ಲಿದೆ.

ಇಲವಾಲ ಮತ್ತು ಅದರಾಚೆ

ಹುಣಸೂರು ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಇಲವಾಲದ ಸುತ್ತ ಖಾಸಗಿ ಬಡಾವಣೆಗಳ ಕಮಾನುಗಳು ಸಾಲಾಗಿ ಸಿಗುತ್ತವೆ. ಬೆಲೆ ಕಡಿಮೆ, ಸೈಟು ದೊಡ್ಡದು, ಗಾಳಿ ಬೆಳಕು ಧಾರಾಳ. 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯ ಜೊತೆಗೇ ಶಂಕುಸ್ಥಾಪನೆಯಾದ 92 ಕಿಲೋಮೀಟರಿನ ಮೈಸೂರು–ಕುಶಾಲನಗರ ಹೆದ್ದಾರಿಯ ಹೆಸರನ್ನು ಇಲ್ಲಿನ ಪ್ರತಿ ಮಾರಾಟಗಾರರೂ ಹೇಳುತ್ತಾರೆ. ಪ್ರವೇಶ ನಿಯಂತ್ರಿತ ಹೆದ್ದಾರಿ ಹತ್ತಿರದಲ್ಲಿ ಹಾದುಹೋದ ಮಾತ್ರಕ್ಕೆ ಹತ್ತಿರದ ಎಲ್ಲ ಮನೆಗಳಿಗೂ ಅನುಕೂಲವಾಗುವುದಿಲ್ಲ. ಹತ್ತಲು ಇಳಿಯಲು ದಾರಿ ಎಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ, ಕೆಲವರಿಗೆ ಅದು ಬರೀ ಅಡ್ಡಗೋಡೆಯಾಗಬಹುದು. ಈ ಸೀಮೆ ಇನ್ನೂ ಪೂರ್ತಿ ಊರಾಗಿಲ್ಲ ಎಂಬುದನ್ನು ನೆನಪಿಸುವ ಘಟನೆಯೂ ಇದೆ. 2024ರ ಡಿಸೆಂಬರ್ 31ರಂದು ಇನ್ಫೋಸಿಸ್ ಆವರಣದೊಳಗೇ ಚಿರತೆ ಕಾಣಿಸಿಕೊಂಡು ಉದ್ಯೋಗಿಗಳಿಗೆ ಮನೆಯಿಂದಲೇ ಕೆಲಸ ಮಾಡಲು ಹೇಳಲಾಗಿತ್ತು.

ಐದಾರು ವರ್ಷ ಕಾದು ಮನೆ ಕಟ್ಟುವ ಯೋಚನೆ ಇರುವವರಿಗೆ ಇಲವಾಲ ಪರಿಗಣನೆಗೆ ಅರ್ಹ. ಮುಂದಿನ ಜೂನ್‌ಗೆ ಮಗುವನ್ನು ಶಾಲೆಗೆ ಸೇರಿಸಬೇಕಾದವರಿಗೆ ಅಲ್ಲ.

ಬೋಗಾದಿ, ದಟ್ಟಗಳ್ಳಿ, ಕುವೆಂಪುನಗರ

ಮನೆಯಲ್ಲಿ ಒಬ್ಬರು ಹೆಬ್ಬಾಳದಲ್ಲಿ, ಇನ್ನೊಬ್ಬರು ಮಾನಸಗಂಗೋತ್ರಿಯಲ್ಲೋ, ವಾಕ್ ಶ್ರವಣ ಸಂಸ್ಥೆಯಲ್ಲೋ, ಕುವೆಂಪುನಗರದ ಕಡೆಯ ಆಸ್ಪತ್ರೆಯಲ್ಲೋ ಕೆಲಸ ಮಾಡುತ್ತಿದ್ದರೆ ಬೋಗಾದಿ ಇಬ್ಬರಿಗೂ ನ್ಯಾಯ ಒದಗಿಸುವ ಜಾಗ. ವರ್ತುಲ ರಸ್ತೆ ಹಿಡಿದರೆ ಹಿನಕಲ್ ದೂರವಲ್ಲ. ಬೋಗಾದಿಯಲ್ಲೂ ಮುಡಾ ಬಡಾವಣೆಯ ಭಾಗ, ಪಟ್ಟಣ ಪಂಚಾಯಿತಿಯ ಭಾಗ ಎಂಬ ಭೇದ ಇರುವುದರಿಂದ ಹೂಟಗಳ್ಳಿಗೆ ಹೇಳಿದ ಎಚ್ಚರಿಕೆಗಳು ಇಲ್ಲಿಗೂ ಸಲ್ಲುತ್ತವೆ. ಕುವೆಂಪುನಗರ, ರಾಮಕೃಷ್ಣನಗರ, ದಟ್ಟಗಳ್ಳಿಯಲ್ಲಿ ಈಗಾಗಲೇ ಬಂಧುಬಳಗ ಇರುವವರು ಕಚೇರಿಯ ದೂರಕ್ಕೆ ಹೆದರಿ ಆ ಆಸರೆಯನ್ನು ಬಿಟ್ಟು ಬರಬೇಕಾಗಿಲ್ಲ. ವಾರದಲ್ಲಿ ಎರಡು ಮೂರು ದಿನ ಬೆಂಗಳೂರಿಗೆ ಹೋಗಿಬರುವವರು ಮಾತ್ರ ಊರಿನ ಪೂರ್ವ ಭಾಗವನ್ನು ನೋಡಬಹುದು. ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ ಎಂಬುದು ನೆನಪಿನಲ್ಲಿರಲಿ.

ಹಣದ ಲೆಕ್ಕ

ಬಡಾವಣೆಗಳ ಬೆಲೆ ಹೋಲಿಸುವಾಗ ಮಾರಾಟಗಾರರು ಹೇಳುವ ಮೊತ್ತವನ್ನಷ್ಟೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. 80 ಲಕ್ಷದ ಫ್ಲಾಟನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಗರ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಉಪಕರ ಮತ್ತು ಅಧಿಭಾರ, 2025ರ ಆಗಸ್ಟ್ 31ರಿಂದ ದುಪ್ಪಟ್ಟಾದ ನೋಂದಣಿ ಶುಲ್ಕ ಶೇ 2, ಎಲ್ಲ ಸೇರಿ ಶೇ 7.6 ಆಗುತ್ತದೆ, ಅಂದರೆ 6 ಲಕ್ಷದ 8 ಸಾವಿರ ರೂಪಾಯಿ. ಸರ್ಕಾರ ನಿಗದಿಪಡಿಸಿದ ಮಾರ್ಗಸೂಚಿ ದರ ಕ್ರಯದ ಮೊತ್ತಕ್ಕಿಂತ ಹೆಚ್ಚಿದ್ದರೆ ಶುಲ್ಕವೂ ಆ ಹೆಚ್ಚಿನ ಮೊತ್ತದ ಮೇಲೆಯೇ ಬೀಳುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ಮೀರಿದ, 75 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಮೌಲ್ಯದ ಶೇ 80ನ್ನು ದಾಟುವಂತಿಲ್ಲ, ಮತ್ತು ಆ ಮೌಲ್ಯಕ್ಕೆ ನೋಂದಣಿಯ ಖರ್ಚನ್ನು ಸೇರಿಸುವಂತಿಲ್ಲ. ಹಾಗಾಗಿ ಸಾಲ ಹೆಚ್ಚೆಂದರೆ 64 ಲಕ್ಷ, ಕೈಯಿಂದ ಹೋಗುವುದು 22 ಲಕ್ಷಕ್ಕೂ ಮೇಲೆ. ಕಟ್ಟಡ ಇನ್ನೂ ನಿರ್ಮಾಣ ಹಂತದಲ್ಲಿದ್ದರೆ ಶೇ 5ರ ಜಿಎಸ್‌ಟಿ ಎಂದು ಇನ್ನೂ 4 ಲಕ್ಷ ಸೇರುತ್ತದೆ. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಪಡೆದ ಮೇಲೆ ಮಾರಾಟವಾಗುವ ಫ್ಲಾಟಿಗೆ ಅದಿಲ್ಲ. ಕ್ರಯ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ರಷ್ಟನ್ನು ಆದಾಯ ತೆರಿಗೆಯಾಗಿ ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು.

ಈ ಲೆಕ್ಕದಲ್ಲಿ ಮೈಸೂರಿನ ಮಟ್ಟಿಗೆ ನನ್ನ ಒಲವು ಹೊಸ ಫ್ಲಾಟಿಗಿಂತ ಹಳೆಯ ಮುಡಾ ಬಡಾವಣೆಯ ಚಿಕ್ಕ ಸೈಟಿನ ಮನೆಯ ಕಡೆಗಿದೆ. ಫ್ಲಾಟೇ ಬೇಕೆನ್ನುವವರು ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಡಿ (ರೇರಾ) ಯೋಜನೆಯ ನೋಂದಣಿ ಆಗಿದೆಯೇ ಎಂದು ನೋಡಿಕೊಳ್ಳಬೇಕು. ಭೂಮಿ 500 ಚದರ ಮೀಟರಿಗಿಂತ ಹೆಚ್ಚಿದ್ದರೆ ಅಥವಾ ಮನೆಗಳು ಎಂಟಕ್ಕಿಂತ ಹೆಚ್ಚಿದ್ದರೆ ನೋಂದಣಿ ಕಡ್ಡಾಯ. ಹೆಬ್ಬಾಳ ಮತ್ತು ಹೂಟಗಳ್ಳಿಯಲ್ಲಿ ಈ ಮಿತಿಯೊಳಗೇ ನಿಲ್ಲುವಂತೆ ಕಟ್ಟಿದ ಚಿಕ್ಕ ಕಟ್ಟಡಗಳಿದ್ದು, ಅವುಗಳಿಗೆ ರೇರಾದ ರಕ್ಷಣೆ ಸಿಗುವುದಿಲ್ಲ.

ಕಾಗದಪತ್ರ

ಆಸ್ತಿಯ ಮೇಲಿನ ಸಾಲ, ಮಾರಾಟಗಳ ವಿವರವಿರುವ ಋಣಭಾರ ಪತ್ರವನ್ನು ತೆಗೆಸುವಾಗ ಹದಿಮೂರು ವರ್ಷಕ್ಕೆ ನಿಲ್ಲಿಸದೆ ಮೂವತ್ತು ವರ್ಷದ್ದು ತೆಗೆಸಿ. ಹೊರವಲಯದ ಜಮೀನು ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ್ದಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಸರ್ಕಾರದ ಅನುಮತಿಯಿಲ್ಲದ ಮಾರಾಟ ಊರ್ಜಿತವಲ್ಲ, ಮತ್ತು 2023ರ ತಿದ್ದುಪಡಿಯ ಬಳಿಕ ಮೂಲ ಮಂಜೂರಾತಿದಾರರು ಭೂಮಿಯನ್ನು ಮರಳಿ ಕೇಳಲು ಕಾಲಮಿತಿಯೂ ಇಲ್ಲ. ಅದು ಅವರ ನ್ಯಾಯವಾದ ಹಕ್ಕು. ತಿಳಿಯದೆ ಕೊಂಡೆವು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಪಿತ್ರಾರ್ಜಿತ ಜಮೀನಾಗಿದ್ದರೆ ವಂಶವೃಕ್ಷ ತರಿಸಿ ಹೆಣ್ಣುಮಕ್ಕಳ ಸಹಿ ಇದೆಯೇ ನೋಡಬೇಕು, ಏಕೆಂದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಅವರಿಗೂ ಸಮಪಾಲು ಇದೆ. ಕ್ರಯಪತ್ರವಿಲ್ಲದೆ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಮಾರುತ್ತೇವೆ ಎನ್ನುವವರ ಜೊತೆ ಮಾತು ಬೆಳೆಸುವುದೇ ಬೇಡ. ಜಿಪಿಎ ಮೂಲಕ ನಡೆದ ಮಾರಾಟದಿಂದ ಒಡೆತನ ಬರುವುದಿಲ್ಲ ಎಂದು 2011ರಲ್ಲಿಯೇ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಕೊನೆಯದಾಗಿ, ಕ್ರಯಪತ್ರದಲ್ಲಿ ಬರೆದ ಚಕ್ಕುಬಂದಿಯನ್ನು ಕೈಯಲ್ಲಿ ಹಿಡಿದು ಸೈಟಿನ ಮೇಲೆ ನಿಂತು, ಪೂರ್ವಕ್ಕೆ ರಸ್ತೆ ಎಂದಿರುವ ಕಡೆ ನಿಜವಾಗಿಯೂ ರಸ್ತೆ ಇದೆಯೇ, ಉತ್ತರಕ್ಕೆ ಎಷ್ಟನೇ ನಂಬರಿನ ಸೈಟು ಇದೆ ಎಂದು ಟೇಪು ಹಿಡಿದು ಅಳೆಯಬೇಕು.

ಇವೆಲ್ಲ ಸರಿಯೆನಿಸಿದ ಮೇಲೆ ಬಾಯಿಮಾತಿನ ಟೋಕನ್ ಕೊಡುವ ಬದಲು ಲಿಖಿತ ಕರಾರು ಮಾಡಿಕೊಳ್ಳಿ. ರೇರಾ ವ್ಯಾಪ್ತಿಯ ಯೋಜನೆಗಳಲ್ಲಿ ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಸ್ವತಂತ್ರ ಮನೆ ಅಥವಾ ಸೈಟಿನ ಕರಾರಿನಲ್ಲಿ ಎರಡು ಷರತ್ತುಗಳನ್ನು ಬಿಡದೆ ಬರೆಸಬೇಕು: ಬ್ಯಾಂಕಿನ ಕಾನೂನು ಪರಿಶೀಲನೆಯಲ್ಲಿ ದೋಷ ಕಂಡುಬಂದರೆ ಮುಂಗಡ ಪೂರ್ತಿ ಹಿಂದಿರುಗಬೇಕು, ಮತ್ತು ನೋಂದಣಿಗೆ ಮುಂಚೆ ಇ-ಖಾತೆಯನ್ನು ಮಾರುವವರೇ ಮಾಡಿಸಿಕೊಡಬೇಕು.